ಗಾಳಿಯಿಂದ ದೀಪ ಹಚ್ಚಿದ ಉಪಾಧ್ಯಾಯ ಪೌಲ್ ಲಾ ಕೂರ್

ಡೆನ್ಮಾರ್ಕ್ ಪರ್ವತಗಳಿಲ್ಲದ ನಾಡು. ಧುಮ್ಮಿಕ್ಕುವ ನದಿಗಳು ಅಲ್ಲಿಲ್ಲ. ಭೂಗರ್ಭದಲ್ಲಿ ಹೇಳಿಕೊಳ್ಳುವಷ್ಟು ಕಲ್ಲಿದ್ದಲೂ ಇಲ್ಲ. ಸುತ್ತಲೂ ಕಡಲು, ಬಯಲಿನ ಮೇಲೆ ಅಡೆತಡೆಯಿಲ್ಲದೆ ಬೀಸುವ ಗಾಳಿ, ಇವೇ ಆ ನಾಡಿನ ಸಿರಿ. ಕಾವೇರಿಯ ಭಾಗ್ಯವಿದ್ದ ಮೈಸೂರು ಸೀಮೆಯು 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. ಅಂತಹ ಭಾಗ್ಯವಿಲ್ಲದ ನಾಡಿನಲ್ಲಿ ಗಾಳಿಯನ್ನೇ ನಂಬಿ ಹಳ್ಳಿಗಳಿಗೆ ಬೆಳಕು ತರಲು ಹೊರಟವರು ಪೌಲ್ ಲಾ ಕೂರರು. ವೃತ್ತಿಯಿಂದ ಅವರು ಶಾಲೆಯ ಉಪಾಧ್ಯಾಯರು.

ಲಾ ಕೂರರು 1846ರ ಏಪ್ರಿಲ್ 13ರಂದು ಜಟ್ಲೆಂಡ್ ಪ್ರಾಂತದಲ್ಲಿ ಜನಿಸಿದರು. ಕೋಪನ್‌ಹೇಗನ್ನಿನಲ್ಲಿ ಭೌತಶಾಸ್ತ್ರವನ್ನೂ ಹವಾಮಾನಶಾಸ್ತ್ರವನ್ನೂ ವ್ಯಾಸಂಗಮಾಡಿದರು. 1872ರಲ್ಲಿ ರಾಷ್ಟ್ರೀಯ ಹವಾಮಾನ ಸಂಸ್ಥೆ ಸ್ಥಾಪಿತವಾದಾಗ ಅದರ ಉಪನಿರ್ದೇಶಕರಾದರು. ಒಂದೇ ತಂತಿಯ ಮೇಲೆ ಅನೇಕ ಸಂದೇಶಗಳನ್ನು ಕಳುಹಿಸುವ ಉಪಾಯವನ್ನು ಶ್ರುತಿಕವೆಯ ಕಂಪನದಿಂದ ಸಾಧಿಸಿ, ಅದೇ ಕಂಪನಕ್ಕೆ ತಾಳ ತಪ್ಪದೆ ತಿರುಗುವ ಗಾಲಿಯೊಂದನ್ನೂ ನಿರ್ಮಿಸಿ ಹೊರನಾಡುಗಳಲ್ಲಿಯೂ ಹೆಸರು ಪಡೆದರು. ರಾಜಧಾನಿಯಲ್ಲಿಯೇ ಉಳಿದಿದ್ದರೆ ಪದವಿಗೂ ಮನ್ನಣೆಗೂ ಅವರಿಗೆ ಕೊರತೆಯಿರುತ್ತಿರಲಿಲ್ಲ.

ಆದರೆ 1878ರಲ್ಲಿ ಅವರು ಆಸ್ಕೊವ್ ಎಂಬ ಹಳ್ಳಿಯ ಜನಶಾಲೆಗೆ ಉಪಾಧ್ಯಾಯರಾಗಿ ಬಂದರು. ಈ ಶಾಲೆಯ ಹಿನ್ನೆಲೆಯನ್ನು ತಿಳಿಯದೆ ಲಾ ಕೂರರ ಬಾಳು ಅರ್ಥವಾಗದು. 1864ರ ಯುದ್ಧದಲ್ಲಿ ಡೆನ್ಮಾರ್ಕ್ ತನ್ನ ದಕ್ಷಿಣದ ಸೀಮೆಗಳನ್ನು ಕಳೆದುಕೊಂಡಿತು. ಆಗ ಗಡಿಯಾಚೆಗೆ ಸೇರಿಹೋದ ಶಾಲೆಯೊಂದರ ಪರಂಪರೆಯನ್ನು ಮರುವರ್ಷವೇ ಗಡಿಯ ಈಚೆ ಆಸ್ಕೊವಿನಲ್ಲಿ ಮುಂದುವರಿಸಿದರು. ಧರ್ಮಗುರುವೂ ಕವಿಯೂ ಆಗಿದ್ದ ಗ್ರುಂಟ್‌ವಿಗರ ವಿಚಾರಗಳಿಂದ ಹುಟ್ಟಿದ ಈ ಜನಶಾಲೆಗಳಲ್ಲಿ ಪರೀಕ್ಷೆಗಳಿರಲಿಲ್ಲ. ಒಕ್ಕಲು ಮಕ್ಕಳು ಅಲ್ಲಿಯೇ ತಂಗಿ, ಗುರುಗಳ ಬಾಯಿಂದ ಕೇಳಿ ಕಲಿಯುತ್ತಿದ್ದರು. ಲಾ ಕೂರರು ಗಣಿತವನ್ನು ಕೂಡ ಅದು ಬೆಳೆದು ಬಂದ ಇತಿಹಾಸದ ಕ್ರಮದಲ್ಲಿಯೇ ಬೋಧಿಸಿದರು. ಆ ಕ್ರಮದ ಗ್ರಂಥಗಳನ್ನೂ ಬರೆದರು.

ವಿದ್ಯುತ್ತು ಆ ಕಾಲದಲ್ಲಿ ಪಟ್ಟಣಗಳ ಸೊತ್ತಾಗುತ್ತಿತ್ತು. ಬೆಳಕೂ ಯಂತ್ರಶಕ್ತಿಯೂ ಪಟ್ಟಣಕ್ಕೆ ಹೋದರೆ ಹಳ್ಳಿಯ ತರುಣರು ಅವುಗಳ ಬೆನ್ನುಹತ್ತಿ ಹೋಗುವರು, ಊರು ಬರಿದಾಗುವುದು ಎಂಬ ಚಿಂತೆ ಲಾ ಕೂರರನ್ನು ಕಾಡಿತು. 1891ರಲ್ಲಿ ಸರ್ಕಾರದ ಧನಸಹಾಯ ಪಡೆದು ಶಾಲೆಯ ಬಳಿಯಲ್ಲಿಯೇ ಪ್ರಯೋಗಾರ್ಥವಾಗಿ ಒಂದು ಗಾಳಿಯಂತ್ರವನ್ನು ಕಟ್ಟಿಸಿದರು.

ತೊಡಕಿದ್ದುದು ಗಾಳಿಯ ಸ್ವಭಾವದಲ್ಲಿ. ಬೇಕೆಂದಾಗ ಬೀಸದು, ಬೀಸಿದಾಗ ಒಂದೇ ಸಮನಾಗಿರದು. ಹಿಟ್ಟು ಬೀಸುವವನು ಗಾಳಿಗಾಗಿ ಕಾಯಬಲ್ಲ, ದೀಪ ಕಾಯಲಾರದು. ಆದುದರಿಂದ ಗಾಳಿಯಿಂದ ದೊರೆತ ವಿದ್ಯುತ್ತನ್ನು ನೀರಿನಲ್ಲಿ ಹರಿಯಿಸಿ, ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆದು, ಆ ಅನಿಲಗಳನ್ನು ತೊಟ್ಟಿಗಳಲ್ಲಿ ಕೂಡಿಟ್ಟರು. 1895ರಿಂದ ಏಳು ವರ್ಷಗಳ ಕಾಲ ಆಸ್ಕೊವ್ ಶಾಲೆಯ ದೀಪಗಳು ಈ ಅನಿಲದಿಂದ ಉರಿದವು. ಗಾಳಿ ನಿಂತ ರಾತ್ರಿಯಲ್ಲಿಯೂ ವಿದ್ಯಾರ್ಥಿಗಳು ಓದಿದರು. ಈ ಸಾಹಸ ನಿರಪಾಯವಾದುದಾಗಿರಲಿಲ್ಲ. ಎರಡು ಅನಿಲಗಳು ಬೆರೆತು ಸಿಡಿದು ಶಾಲೆಯ ಕಿಟಕಿಗಳ ಗಾಜು ಒಡೆದುಹೋದ ಪ್ರಸಂಗಗಳೂ ಉಂಟು. ಮಕ್ಕಳಿರುವ ಕಟ್ಟಡದಲ್ಲಿ ಇಂತಹ ಪ್ರಯೋಗ ಉಚಿತವೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಕಡೆಗೆ 1902ರ ಹೊತ್ತಿಗೆ ಅನಿಲವನ್ನು ಕೈಬಿಟ್ಟು ವಿದ್ಯುತ್ಕೋಶಗಳಲ್ಲಿ ಶಕ್ತಿಯನ್ನು ಸಂಗ್ರಹಿಸುವ ಮಾರ್ಗವನ್ನು ಹಿಡಿದರು. ಗಾಳಿಯಂತ್ರವು ಹಳ್ಳಿಗೂ ವಿದ್ಯುತ್ತನ್ನೊದಗಿಸತೊಡಗಿತು.

ಗಾಳಿಯ ಏರಿಳಿತವನ್ನು ಪಳಗಿಸಲು ಅವರು ಕಂಡುಹಿಡಿದ ಸಾಧನವು ಸರಳವಾದುದು. ಯಂತ್ರದ ಪಟ್ಟಿಯ ಬಿಗಿಯನ್ನು ಒಂದು ತೂಕದಿಂದ ಕಟ್ಟಿಹಾಕಿದ್ದರು. ಬಿರುಗಾಳಿ ಮಿತಿಮೀರಿ ಎಳೆದರೆ ಪಟ್ಟಿ ತಾನಾಗಿ ಜಾರುತ್ತಿತ್ತು. ಹೀಗಾಗಿ ವಿದ್ಯುಜ್ಜನಕಕ್ಕೆ ಒಂದೇ ಪ್ರಮಾಣದ ಬಲ ತಲುಪುತ್ತಿತ್ತು. ಹಳ್ಳಿಯ ಕಮ್ಮಾರನೂ ದುರಸ್ತಿ ಮಾಡಬಹುದಾದ ಸಾಧನವಿದು. ಇದಲ್ಲದೆ 1896ರಿಂದ ಕೊಳವೆಯಲ್ಲಿ ಗಾಳಿಯನ್ನೂದಿ ಅದರ ಮುಂದೆ ಚಿಕ್ಕ ಮಾದರಿ ರೆಕ್ಕೆಗಳನ್ನಿರಿಸಿ ಪರೀಕ್ಷೆಗಳನ್ನು ನಡೆಸಿದರು. ರೆಕ್ಕೆಗಳು ಹೆಚ್ಚಿದಷ್ಟೂ ಬಲ ಹೆಚ್ಚೆಂಬುದು ಸಾಮಾನ್ಯರ ಊಹೆ. ವಿದ್ಯುತ್ತಿಗೆ ವೇಗವಾಗಿ ತಿರುಗುವ ಕೆಲವೇ ರೆಕ್ಕೆಗಳು ಮೇಲೆಂಬುದು ಅವರ ಪರೀಕ್ಷೆಗಳಿಂದ ತಿಳಿಯಿತು.

1903ರಲ್ಲಿ ಗಾಳಿವಿದ್ಯುತ್ತಿಗೆಂದೇ ಒಂದು ಸಂಘ ಸ್ಥಾಪಿತವಾಯಿತು. ಮರುವರ್ಷ ಆಸ್ಕೊವಿನಲ್ಲಿ ಹಳ್ಳಿಯ ತರುಣರಿಗೆ ವಿದ್ಯುತ್ಕಾರ್ಯದ ಶಿಕ್ಷಣ ಆರಂಭವಾಯಿತು. ಯಂತ್ರವನ್ನು ಕಟ್ಟುವುದರಷ್ಟೇ ಅದನ್ನು ನಡೆಸಬಲ್ಲವರನ್ನು ಸಿದ್ಧಗೊಳಿಸುವುದೂ ಮುಖ್ಯವೆಂಬುದನ್ನು ಲಾ ಕೂರರು ಬಲ್ಲವರಾಗಿದ್ದರು. 1908ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಮುಂದೆ ಮಹಾಯುದ್ಧದ ಕಾಲದಲ್ಲಿ ಇಂಧನ ದುರ್ಲಭವಾದಾಗ ಅವರ ಕಾರ್ಯದ ಬೆಲೆ ತಿಳಿಯಿತು. 1918ರ ಸುಮಾರಿಗೆ ಡೆನ್ಮಾರ್ಕಿನ ಸುಮಾರು 120 ಸ್ಥಳೀಯ ವಿದ್ಯುತ್ ಕೇಂದ್ರಗಳಲ್ಲಿ ಗಾಳಿಯಂತ್ರಗಳಿದ್ದವು.

ಬಳಿಕ ದೊಡ್ಡ ಉಗಿಯಂತ್ರ ಕೇಂದ್ರಗಳ ತಂತಿಗಳು ಹಳ್ಳಿಗಳನ್ನು ತಲುಪಿದವು. ಗಾಳಿಯಂತ್ರಗಳು ಒಂದೊಂದಾಗಿ ನಿಂತುಹೋದವು. 1929ರಲ್ಲಿ ಆಸ್ಕೊವಿನ ಗಾಳಿಯಂತ್ರವೂ ಬೆಂಕಿಗೆ ತುತ್ತಾಯಿತು. ಆದರೆ 1904ರ ತರಗತಿಯಲ್ಲಿ ಕುಳಿತಿದ್ದ ಯೊಹಾನೆಸ್ ಯೂಲ್ ಎಂಬ ಶಿಷ್ಯನು ಗುರುವಿನ ಪಾಠವನ್ನು ಮರೆಯಲಿಲ್ಲ. ಅರ್ಧ ಶತಮಾನದ ಮೇಲೆ, ವೃದ್ಧಾಪ್ಯದಲ್ಲಿ, ಗೆಡ್ಸರ್ ಎಂಬ ಕಡಲತೀರದ ಊರಿನಲ್ಲಿ 200 ಕಿಲೋವ್ಯಾಟ್ ಶಕ್ತಿಯ ಮೂರು ರೆಕ್ಕೆಗಳ ಯಂತ್ರವನ್ನು ಆತನು ನಿಲ್ಲಿಸಿದನು. 1957ರಲ್ಲಿ ತಿರುಗತೊಡಗಿದ ಆ ಯಂತ್ರವು 1967ರವರೆಗೆ ನಡೆಯಿತು. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ, ನಿಂತುಹೋಗಿದ್ದ ಅದೇ ಯಂತ್ರವನ್ನು ಎಂಜಿನಿಯರುಗಳು ಮತ್ತೆ ತಿರುಗಿಸಿ ಅಳತೆಗಳನ್ನು ತೆಗೆದುಕೊಂಡರು.