ಕಿದ್ವಾಯಿ ಅಂದರೆ ಆಸ್ಪತ್ರೆ ಮಾತ್ರ ಅಲ್ಲ

ಹೊಸೂರು ಕಡೆಯ ಗುಮ್ಮಳಾಪುರದಂಥ ಗಡಿಯ ಕನ್ನಡ ಊರಾಗಲಿ, ನಮ್ಮ ಮಂಗಳೂರಾಗಲಿ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ಮೊದಲು ಬಾಯಿಗೆ ಬರುವ ಹೆಸರು ಕಿದ್ವಾಯಿ. ಅದು ಒಬ್ಬ ಮನುಷ್ಯನ ಹೆಸರು ಎಂದು ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಗೊತ್ತುಂಟು?

ರಫಿ ಅಹ್ಮದ್ ಕಿದ್ವಾಯಿ ಹುಟ್ಟಿದ್ದು 1894ರಲ್ಲಿ, ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯ ಮಸೌಲಿಯಲ್ಲಿ. ಅಲಿಗಢದಲ್ಲಿ ಡಿಗ್ರಿ ಮುಗಿಸಿ ಕಾನೂನು ಓದುತ್ತಿದ್ದವರು ಖಿಲಾಫತ್, ಅಸಹಕಾರ ಚಳವಳಿ ಬಂದಾಗ ಓದು ಬಿಟ್ಟು ಜೈಲಿಗೆ ಹೋದರು. ಮೋತಿಲಾಲ್ ನೆಹರು ಅವರಿಗೆ ಕಾರ್ಯದರ್ಶಿಯಾದರು. ಜಮೀನ್ದಾರರ ಮನೆಯ ಮಗ, ಆದರೆ ರಾಯ್‌ಬರೇಲಿಯಲ್ಲಿ ಗೇಣಿ ಕೊಡಬೇಡಿ ಎಂಬ ಚಳವಳಿಯಲ್ಲಿ ನಿಂತದ್ದು ಗೇಣಿದಾರರ ಪರ.

1947ರಲ್ಲಿ ನೆಹರು ಸಂಪುಟದಲ್ಲಿ ಸಂಪರ್ಕ ಸಚಿವರಾದರು. ರಾತ್ರಿ ವಿಮಾನದಲ್ಲಿ ಟಪಾಲು ಸಾಗಿಸುವ ವ್ಯವಸ್ಥೆ ಅವರ ಕಾಲದ್ದು. 1952ರಲ್ಲಿ ಆಹಾರ ಖಾತೆ ಸಿಕ್ಕಿತು. ಆಗ ಧಾನ್ಯಕ್ಕೆ ರೇಷನ್, ಕಂಟ್ರೋಲು. ಅದನ್ನು ಹಂತ ಹಂತವಾಗಿ ತೆಗೆದರು. ಅಂಗಡಿ ಇಟ್ಟವನಾಗಿ ಹೇಳುತ್ತೇನೆ, ಅದಕ್ಕೆ ಗುಂಡಿಗೆ ಬೇಕು. ಅಭಾವದ ಭಯ ಇರುವ ತನಕ ಗೋಡೌನಿನ ಮಾಲು ಹೊರಗೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಬೆಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ರೇಡಿಯೇಶನ್ ಯಂತ್ರ ಬರಲಿಕ್ಕೆ 1 ಲಕ್ಷ ರೂಪಾಯಿಯ ನೆರವು ಸಿಕ್ಕಿದ್ದು ಇವರಿಂದ. ಆ ಕಾಲದ 1 ಲಕ್ಷ! 1973ರಲ್ಲಿ ಹೊಸೂರು ರಸ್ತೆಯ ಸಂಸ್ಥೆ ಶುರುವಾದಾಗ ಅವರ ಹೆಸರನ್ನೇ ಇಟ್ಟರು.

ನಮ್ಮವರು ರೇಡಿಯೇಶನ್‌ಗೆ ಕರೆಂಟ್ ಕೊಡುವುದು ಅನ್ನುತ್ತಾರೆ. ಈಗ ಗಂಟಲು, ಗರ್ಭಕಂಠದ ಕ್ಯಾನ್ಸರುಗಳಲ್ಲಿ ಹಲವರಿಗೆ ಅದರ ಜೊತೆಗೇ ಸಿಸ್‌ಪ್ಲಾಟಿನ್‌ನಂಥ ಔಷಧಿಯನ್ನೂ ಕೊಡುತ್ತಾರೆ. ಕಿರಣ ತಾಗಿದ ಗಡ್ಡೆಯ ಕಣ ತನ್ನನ್ನು ರಿಪೇರಿ ಮಾಡಿಕೊಳ್ಳದ ಹಾಗೆ ಔಷಧಿ ತಡೆಯುತ್ತದೆ. ಕಿರಣ ಬಿದ್ದ ಜಾಗದಲ್ಲಷ್ಟೇ ಕೆಲಸ ಮಾಡುತ್ತದೆ. ಔಷಧಿ ರಕ್ತದ ಜೊತೆ ಹೋಗಿ ಬೇರೆ ಕಡೆ ತಪ್ಪಿಸಿಕೊಂಡ ಕಣಗಳನ್ನೂ ಹುಡುಕುತ್ತದೆ. ಶ್ವಾಸಕೋಶ, ಎಲುಬಿಗೆ ಆಗಲೇ ಹರಡಿದ್ದರೆ ಹೆಚ್ಚಾಗಿ ಔಷಧಿಯೇ ಮುಖ್ಯ, ಕರೆಂಟ್ ನೋವು ತಗ್ಗಿಸಲಿಕ್ಕೆ.

ಆರೇಳು ವಾರ, ವಾರಕ್ಕೆ ಐದು ದಿನ ಹೋಗಬೇಕು. ಬಾಯಿ ಹುಣ್ಣಾಗುತ್ತದೆ, ವಾಂತಿ ಬರುತ್ತದೆ. ಗಡ್ಡೆ ಕರಗಿತೆಂದು ಮೂರನೇ ವಾರಕ್ಕೇ ಊರಿಗೆ ಬರುವವರುಂಟು. ನಡುವೆ ಬಿಟ್ಟರೆ ಉಳಿದ ಕಣ ಮತ್ತೆ ಬೆಳೆಯುತ್ತದೆ, ಎರಡನೇ ಸಲ ಅದೇ ಜಾಗಕ್ಕೆ ಅಷ್ಟೇ ಕಿರಣ ಕೊಡುವುದು ಕಷ್ಟ.

ರಫಿ ಸಾಹೇಬರು ಈ ಆಸ್ಪತ್ರೆಯನ್ನು ನೋಡಲಿಲ್ಲ. 1954ರ ಅಕ್ಟೋಬರ್ 24ರಂದು ದಿಲ್ಲಿಯಲ್ಲಿ ತೀರಿಕೊಂಡರು. ಕೈಗೆ ಬಂದದ್ದನ್ನೆಲ್ಲ ಕೇಳಿದವರಿಗೆ ಕೊಟ್ಟ ಮನುಷ್ಯ. ಕೇಂದ್ರ ಮಂತ್ರಿಯಾಗಿದ್ದವರು ಮನೆಯವರಿಗೆ ಬಿಟ್ಟು ಹೋದದ್ದು ಸಾಲ, ಮಸೌಲಿಯಲ್ಲಿ ಒಂದು ಹಳೇ ಮನೆ.