ಹಕ್ಕಿಗಳ ಲೆಕ್ಕ ಬರೆದಿಟ್ಟ ಸಲೀಂ ಅಲಿ

ತೇವಾರಂ: ಮಾರ್ಚ್-ಏಪ್ರಿಲ್ ಬಂತೆಂದರೆ ಕಂಬಂ ಕಣಿವೆಗೆ ಬಂದ ವಲಸೆ ಹಕ್ಕಿಗಳು ಉತ್ತರಕ್ಕೆ ಹೊರಡುತ್ತವೆ. ಚಳಿಗಾಲವಿಡೀ ಕಾಲುವೆ ಬದುವಿನಲ್ಲಿ ಬಾಲ ಕುಣಿಸುತ್ತಿದ್ದ ಬೂದು ಕುಂಡೆಕುಸ್ಕ, ಅಂದರೆ ತಮಿಳಿನವರ ವಾಲಾಟ್ಟಿ, ಒಂದು ದಿನ ಕಾಣುವುದೇ ಇಲ್ಲ. ಈ ವರ್ಷ ಹಕ್ಕಿ ಹೆಚ್ಚು, ಈ ವರ್ಷ ಕಡಿಮೆ ಎಂದು ಮಾತು ಬರುವುದೂ ಆಗಲೇ. ಆದರೆ ಯಾವ ವರ್ಷಕ್ಕಿಂತ ಹೆಚ್ಚು, ಯಾವುದಕ್ಕಿಂತ ಕಡಿಮೆ? ಹೇಳಬೇಕಾದರೆ ಹಳೆಯ ಲೆಕ್ಕ ಕೈಯಲ್ಲಿರಬೇಕು. ಅಂಥ ಲೆಕ್ಕ ಇಡುವುದನ್ನು ನಮ್ಮ ದೇಶಕ್ಕೆ ಕಲಿಸಿದವರಲ್ಲಿ ಮೊದಲ ಹೆಸರು ಸಲೀಂ ಅಲಿ ಅವರದು.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡರು. ಸಾಕಿದ್ದು ಸೋದರಮಾವ. ಹುಡುಗನ ಕೈಗೆ ಸಿಕ್ಕಿದ್ದು ಛರ್ರೆ ಬಂದೂಕು. ಗೂಡು ಕಾಯುತ್ತಿದ್ದ ಗಂಡು ಗುಬ್ಬಿಯನ್ನು ಹೊಡೆದರೆ ಹೆಣ್ಣು ಬೇರೊಂದು ಗಂಡನ್ನು ತರುತ್ತಿತ್ತು. ಏಳು ದಿನಗಳಲ್ಲಿ ಎಂಟು ಗುಬ್ಬಿ ಹೊಡೆದು ಅದನ್ನು ಬರೆದಿಟ್ಟ. ಇನ್ನೊಮ್ಮೆ ಕುತ್ತಿಗೆಯಲ್ಲಿ ಹಳದಿ ಗುರುತಿದ್ದ ಗುಬ್ಬಿ ಬಿತ್ತು. ಅದರ ಹೆಸರು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ ಕಾರ್ಯದರ್ಶಿ ಮಿಲ್ಲರ್ಡ್ ಅಲ್ಲಿನ ಹಕ್ಕಿ ಸಂಗ್ರಹವನ್ನೇ ತೆರೆದು ತೋರಿಸಿದರು. ಬದುಕಿನ ದಾರಿ ತಿರುಗಿದ್ದು ಅಲ್ಲಿ.

ದಾರಿಯೇನೂ ಸಲೀಸಾಗಿರಲಿಲ್ಲ. ಬರ್ಮಾದಲ್ಲಿ ವ್ಯಾಪಾರ ಕೈ ಹತ್ತಲಿಲ್ಲ. 1926ರಲ್ಲಿ ಮುಂಬಯಿ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿತು. ಬರ್ಲಿನ್‌ಗೆ ಹೋಗಿ ಸ್ಟ್ರೆಸ್‌ಮನ್ ಬಳಿ ಕಲಿತು ಬರುವಷ್ಟರಲ್ಲಿ ಹಣವಿಲ್ಲವೆಂದು ಆ ಕೆಲಸವೂ ಹೋಗಿತ್ತು. ಪತ್ನಿ ತೆಹ್ಮಿನಾರೊಂದಿಗೆ ಕಿಹಿಂ ಎಂಬ ಕಡಲೂರಿಗೆ ಹೋದರು. ಅಲ್ಲಿ 1930ರಲ್ಲಿ ಗೀಜಗವನ್ನು, ತಮಿಳಿನ ತೂಕ್ಕಣಾಂಗುರುವಿಯನ್ನು, ದಿನವೂ ಕುಳಿತು ನೋಡಿದರು. ಗಂಡು ಒಂದಾದ ಮೇಲೊಂದು ಗೂಡು ಅರ್ಧ ಕಟ್ಟುತ್ತದೆ, ಹೆಣ್ಣು ಬಂದು ಆರಿಸಿಕೊಳ್ಳುತ್ತದೆ, ಒಂದೇ ಗಂಡಿಗೆ ಹಲವು ಸಂಸಾರ ಎಂಬುದು ಆಗ ತಿಳಿಯಿತು. ಕೆಲಸವಿಲ್ಲದ ದಿನಗಳೇ ಅವರಿಗೆ ಹೆಸರು ತಂದವು.

1933ರಲ್ಲಿ ತಿರುವಾಂಕೂರು-ಕೊಚ್ಚಿ ಹಕ್ಕಿ ಸಮೀಕ್ಷೆಗಾಗಿ ನಮ್ಮ ಬೆಟ್ಟಗಳಾಚೆಯ ಕಾಡುಗಳನ್ನು ಸುತ್ತಿದರು. 1939ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆ ಹಿಡಿದರು. ಅದೇ ವರ್ಷ ತೆಹ್ಮಿನಾ ತೀರಿಕೊಂಡರು. ದುಃಖದಲ್ಲೂ ಕೆಲಸ ಬಿಡಲಿಲ್ಲ. ಕಾವೇರಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಗಲು ಅವರ ಮಾತೇ ಕಾರಣ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರೂ ಜ್ವರದಿಂದ ನರಳಿದರು. ಈ ಮಂಗನ ಕಾಯಿಲೆಯ ವೈರಾಣು ರಷ್ಯಾದ ಒಂದು ವೈರಾಣುವಿಗೆ ಹತ್ತಿರದ್ದು. ವಲಸೆ ಹಕ್ಕಿಯ ಮೈಮೇಲಿನ ಉಣ್ಣೆ ಇದನ್ನು ತಂದಿತೇ ಎಂಬ ಅನುಮಾನ ಹುಟ್ಟಿತು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ನಂಬರಿನ ಉಂಗುರ ಹಾಕುವ ಕೆಲಸ ಶುರುವಾಯಿತು. ಹಕ್ಕಿಯೇ ರೋಗ ತಂದಿತೆಂಬುದು ಸಾಬೀತಾಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ಬೆಳೆಯಿತು. ನಾಗಪಟ್ಟಿಣಂ ಕಡೆಯ ಕೋಡಿಕ್ಕರೈಯಲ್ಲಿ ಕಡಲತೀರದ ಸಣ್ಣ ಹಕ್ಕಿಗಳು ಕಡಿಮೆಯಾಗಿವೆ ಎಂದು ಮುಂದೆ ಗೊತ್ತಾದದ್ದು ಇಂಥ ದಾಖಲೆಗಳಿಂದಲೇ. ಬರೆದಿಡದಿದ್ದರೆ ಅವು ಸದ್ದಿಲ್ಲದೆ ಹೋಗಿಬಿಡುತ್ತಿದ್ದವು.

ನಮ್ಮ ಜಿಲ್ಲೆಗೂ ಅವರಿಗೂ ಇನ್ನೊಂದು ನಂಟಿದೆ. 1948ರಲ್ಲಿ ಮೇಘಮಲೆಯಲ್ಲಿ ತೋಟದ ಆಂಗಸ್ ಹಟ್ಟನ್ ಒಂದು ಹಣ್ಣುಬಾವಲಿಯನ್ನು ಹಿಡಿದಿದ್ದರು. ಅದನ್ನು ಮಾಮೂಲಿ ಬಾವಲಿ ಎಂದೇ ಎಣಿಸಲಾಗಿತ್ತು. ಅದು ಬೇರೆಯೇ ಜಾತಿ ಎಂದು ಥಾಯ್ಲೆಂಡಿನ ತೊಂಗ್ಲೊಂಗ್ಯ 1972ರಲ್ಲಿ ಗುರುತಿಸಿ ಸಲೀಂ ಅಲಿ ಹೆಸರಿಟ್ಟರು. ಪೆಟ್ಟಿಗೆಯಲ್ಲಿ ಜೋಪಾನವಾಗಿದ್ದ ಒಂದು ಮಾದರಿ 24 ವರ್ಷಗಳ ಬಳಿಕ ಮಾತಾಡಿತು.

1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ಸದಸ್ಯತ್ವ ಬಂತು. 1987ರ ಜೂನ್ 20ರಂದು, 90ನೇ ವಯಸ್ಸಿನಲ್ಲಿ ಮುಂಬಯಿಯಲ್ಲಿ ನಿಧನರಾದರು.

ಬೆಟ್ಟದ ಬುಡದಲ್ಲಿರುವ ನಮಗೆ ಬೈನಾಕ್ಯುಲರ್ ಇಲ್ಲದಿದ್ದರೂ ಅಡ್ಡಿಯಿಲ್ಲ. ಮಕ್ಕಳ ಹಳೆಯ ನೋಟ್‌ಬುಕ್ ಒಂದರಲ್ಲಿ ತಾರೀಖು, ಜಾಗ, ಹಕ್ಕಿ, ಎಷ್ಟು ಎಂದು ಬರೆಯಿರಿ. ಹೆಸರು ತಮಿಳಿನಲ್ಲಿ ಬಂದರೂ ಸರಿ, ಮನೆಯ ಕನ್ನಡದಲ್ಲಿ ಬಂದರೂ ಸರಿ. ಉಂಗುರ ತೊಟ್ಟ ಹಕ್ಕಿ ಸತ್ತು ಬಿದ್ದಿದ್ದರೆ ಕೈಯಿಂದ ಮುಟ್ಟದೆ ನಂಬರು ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ಹತ್ತು ವರ್ಷ ಕಳೆದ ಮೇಲೆ ಹಕ್ಕಿ ಕಡಿಮೆಯಾಗಿದೆ ಎಂದು ಯಾರಾದರೂ ಹೇಳಿದರೆ ತೆಗೆದು ನೋಡಲು ಆ ಪುಸ್ತಕವಿರುತ್ತದೆ.