ಅಡುಗೆಯಾಕೆ ಮೇರಿ

ಟೈಫಾಯ್ಡ್ ಮೇರಿ ಎಂಬ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರುತ್ತೀರಿ. ಕೊರೊನಾ ದಿನಗಳಲ್ಲಿ ಲಕ್ಷಣವಿಲ್ಲದ ಸೋಂಕಿನ ಮಾತು ಬಂದಾಗ ಈ ಹೆಸರೂ ಜೊತೆಗೆ ಬರುತ್ತಿತ್ತು. ಆ ಹೆಸರಿನ ಹಿಂದೆ ಇದ್ದವಳು ಒಳ್ಳೆಯ ಕೈರುಚಿಯ, ಸ್ವಂತ ದುಡಿಮೆಯಲ್ಲಿ ಬದುಕುತ್ತಿದ್ದ ಒಬ್ಬ ಒಂಟಿ ಹೆಂಗಸು, ಮೇರಿ ಮ್ಯಾಲನ್.

ಆಕೆ ಹುಟ್ಟಿದ್ದು 1869ರಲ್ಲಿ, ಐರ್ಲೆಂಡಿನ ಕುಕ್ಸ್‌ಟೌನ್ ಎಂಬ ಊರಿನಲ್ಲಿ. ಹದಿಹರೆಯದಲ್ಲೇ ಹಡಗು ಹತ್ತಿ ಅಮೆರಿಕಕ್ಕೆ ಬಂದು ನ್ಯೂಯಾರ್ಕಿನಲ್ಲಿ ಮನೆಗೆಲಸಕ್ಕೆ ಸೇರಿದಳು. ಕ್ರಮೇಣ ಶ್ರೀಮಂತರ ಮನೆಗಳಲ್ಲಿ ಅಡುಗೆಯವಳಾದಳು. ಪಾತ್ರೆ, ಬಟ್ಟೆ, ಕಸದ ಕೆಲಸದವರಿಗಿಂತ ಅಡುಗೆಯವರಿಗೆ ಸಂಬಳವೂ ಹೆಚ್ಚು, ಮರ್ಯಾದೆಯೂ ಹೆಚ್ಚು. ಓದಿಲ್ಲದ ಹುಡುಗಿಗೆ ಅದೊಂದು ದೊಡ್ಡ ಏಳಿಗೆಯೇ.

1906ರ ಬೇಸಿಗೆಯಲ್ಲಿ ಚಾರ್ಲ್ಸ್ ಹೆನ್ರಿ ವಾರೆನ್ ಎಂಬ ಬ್ಯಾಂಕರ್ ಆಯ್‌ಸ್ಟರ್ ಬೇ ಎಂಬಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಆಗಸ್ಟ್ ಕೊನೆಗೆ ಆ ಮನೆಯಲ್ಲಿ ಜ್ವರ ಶುರುವಾಯಿತು. ಹನ್ನೊಂದು ಜನರಲ್ಲಿ ಆರು ಮಂದಿಗೆ ಟೈಫಾಯ್ಡ್. ಇನ್ನು ಈ ಮನೆಗೆ ಬಾಡಿಗೆಯವರೇ ಬರುವುದಿಲ್ಲ ಎಂದು ಹೆದರಿದ ಮಾಲೀಕರು ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಎಂಜಿನಿಯರನ್ನು ಕರೆಸಿದರು. ಸೋಪರ್ ನೀರು, ಹಾಲು, ಕಕ್ಕಸು ಎಲ್ಲವನ್ನೂ ಪರೀಕ್ಷಿಸಿದರು. ಚಿಪ್ಪುಮೀನಿನ ಮೇಲೂ (ನಮ್ಮ ಕರಾವಳಿಯವರ ಮರುವಾಯಿ ಇದ್ದಂತೆ) ಅನುಮಾನಪಟ್ಟರು. ಏನೂ ಸಿಗಲಿಲ್ಲ. ಕೊನೆಗೆ ತಿಳಿದದ್ದು ಇಷ್ಟು: ಮೊದಲ ಜ್ವರಕ್ಕೆ ಸುಮಾರು ಮೂರು ವಾರ ಮೊದಲು ಆ ಮನೆಗೆ ಹೊಸ ಅಡುಗೆಯವಳು ಬಂದಿದ್ದಳು.

ಇಲ್ಲೊಂದು ತೊಡಕಿತ್ತು. ಚೆನ್ನಾಗಿ ಬೇಯಿಸಿದ ಅಡುಗೆಯಲ್ಲಿ ಟೈಫಾಯ್ಡ್ ರೋಗಾಣು ಉಳಿಯುವುದಿಲ್ಲ. ಹಾಗಿದ್ದರೆ ಅಡುಗೆಯವಳಿಂದ ರೋಗ ಬಂದದ್ದು ಹೇಗೆ? ಆ ಮನೆಯವರು ಬಹಳ ಇಷ್ಟಪಟ್ಟು ತಿಂದದ್ದು ಮೇರಿ ಮಾಡುತ್ತಿದ್ದ ಐಸ್‌ಕ್ರೀಂ. ಅದಕ್ಕೆ ಅವಳು ತಾಜಾ ಪೀಚ್ ಹಣ್ಣನ್ನು ಹೆಚ್ಚಿ ಹಾಗೆಯೇ ಬೆರೆಸುತ್ತಿದ್ದಳು. ನಮ್ಮ ಬಾಳೆಹಣ್ಣಿನ ರಸಾಯನವನ್ನೋ ಮಾವಿನ ಸೀಕರಣೆಯನ್ನೋ ನೆನೆಸಿಕೊಳ್ಳಿ. ಹಣ್ಣು ಕೈಯಿಂದ ನೇರ ಬಟ್ಟಲಿಗೆ ಹೋಗುತ್ತದೆ, ನಡುವೆ ಒಲೆಯೇ ಇಲ್ಲ. ತಣ್ಣಗಿಟ್ಟರೆ ರೋಗಾಣು ಸಾಯುವುದೂ ಇಲ್ಲ, ಬೆಳೆಯದೆ ಸುಮ್ಮನಿರುತ್ತದೆ ಅಷ್ಟೆ. (ಫ್ರಿಜ್‌ನಲ್ಲಿದ್ದದ್ದಕ್ಕೆ ಏನೂ ಆಗುವುದಿಲ್ಲ ಎಂದು ನಂಬಿದವರಲ್ಲಿ ನಾನೂ ಒಬ್ಬಳಾಗಿದ್ದೆ.)

ಸೋಪರ್ ಹಿಂದಿನ ವಿವರ ಕೆದಕಿದಾಗ, ಮೇರಿ ಕೆಲಸ ಮಾಡಿದ್ದ ಎಂಟು ಮನೆಗಳಲ್ಲಿ ಏಳರಲ್ಲಿ ಟೈಫಾಯ್ಡ್ ಬಂದಿತ್ತು. ಕಾಯಿಲೆ ಬಿದ್ದವರು 22 ಮಂದಿ. ಅವಳು ಮಾತ್ರ ಗಟ್ಟಿಮುಟ್ಟಾಗಿದ್ದಳು. ರೋಗಾಣು ಆಕೆಯ ಪಿತ್ತಕೋಶದಲ್ಲಿ ಸದ್ದಿಲ್ಲದೆ ಮನೆ ಮಾಡಿತ್ತು. ಅಲ್ಲಿಂದ ಮಲಕ್ಕೆ, ಸರಿಯಾಗಿ ತೊಳೆಯದ ಕೈಗೆ, ಕೈಯಿಂದ ಹಣ್ಣಿಗೆ.

1907ರಲ್ಲಿ ಪಾರ್ಕ್ ಅವೆನ್ಯೂದ ಒಂದು ಮನೆಯ ಅಡುಗೆಮನೆಯಲ್ಲಿ ಸೋಪರ್ ಅವಳನ್ನು ಹಿಡಿದರು. ಪರಿಚಯವಿಲ್ಲದ ಗಂಡಸೊಬ್ಬ ನಡುಮನೆಗೆ ಬಂದು, ನಿನ್ನಿಂದ ಜನರಿಗೆ ರೋಗ ಬರುತ್ತಿದೆ, ರಕ್ತ ಮತ್ತು ಮಲಮೂತ್ರ ಕೊಡು ಎಂದರೆ ಯಾರಿಗೆ ಸಿಟ್ಟು ಬಾರದು? ಮೇರಿ ಮಾಂಸ ಕೊಯ್ಯುವಾಗ ಹಿಡಿಯುವ ದೊಡ್ಡ ಫೋರ್ಕ್ ಹಿಡಿದು ಅವರನ್ನು ಓಡಿಸಿದಳು. ಆಮೇಲೆ ಬಂದವರು ಸಾರಾ ಜೋಸೆಫೀನ್ ಬೇಕರ್ ಎಂಬ ವೈದ್ಯೆ, ಪೊಲೀಸರ ಸಮೇತ. ಬೇಕರ್ ಅವರ ತಂದೆ ತೀರಿಕೊಂಡದ್ದೂ ಟೈಫಾಯ್ಡ್‌ನಿಂದಲೇ. ಗಂಟೆಗಟ್ಟಲೆ ಹುಡುಕಿ, ಅಡಗಿ ಕುಳಿತಿದ್ದ ಮೇರಿಯನ್ನು ಎಳೆದು ತಂದು ಆಂಬುಲೆನ್ಸಿಗೆ ಹಾಕಿದರು. ದಾರಿಯುದ್ದಕ್ಕೂ ಬೇಕರ್ ಅವಳ ಮೇಲೆ ಕುಳಿತೇ ಹೋಗಬೇಕಾಯಿತಂತೆ.

ನಾರ್ತ್ ಬ್ರದರ್ ದ್ವೀಪದ ಆಸ್ಪತ್ರೆಯ ಆವರಣದಲ್ಲಿ ಅವಳನ್ನು ಒಂಟಿಯಾಗಿ ಇಟ್ಟರು. ಪರೀಕ್ಷಿಸಿದ 163 ಮಾದರಿಗಳಲ್ಲಿ 120ರಲ್ಲಿ ರೋಗಾಣು ಕಂಡಿತು. ಪಿತ್ತಕೋಶ ತೆಗೆಸಿಕೋ ಎಂದರೆ ಒಪ್ಪಲಿಲ್ಲ. ಆ ಕಾಲದ ಶಸ್ತ್ರಚಿಕಿತ್ಸೆಗೆ ಹೆದರದವರು ಯಾರು? ತನಗೆ ಜ್ವರವೇ ಬಂದಿಲ್ಲವಲ್ಲ ಎಂದು 1909ರಲ್ಲಿ ಕೋರ್ಟಿಗೂ ಹೋಗಿ ಸೋತಳು. 1910ರಲ್ಲಿ, ಇನ್ನು ಅಡುಗೆ ಮಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಬಿಡುಗಡೆಯಾಯಿತು.

ಬಟ್ಟೆ ಒಗೆಯುವ ಕೆಲಸ ಸಿಕ್ಕಿತು, ಸಂಬಳ ಕಡಿಮೆ. ಬರುವ ಒಂದೇ ಒಳ್ಳೆಯ ವಿದ್ಯೆಯನ್ನು ಬಿಡು ಎಂದವರು ಅದಕ್ಕೆ ಸಮನಾದ ಬೇರೊಂದನ್ನು ಕಲಿಸಲಿಲ್ಲ. ಮೇರಿ ಹೆಸರು ಬದಲಿಸಿಕೊಂಡು ಮತ್ತೆ ಸೌಟು ಹಿಡಿದಳು. 1915ರಲ್ಲಿ ನ್ಯೂಯಾರ್ಕಿನ ಸ್ಲೋನ್ ಹೆರಿಗೆ ಆಸ್ಪತ್ರೆಯಲ್ಲಿ 25 ಜನರಿಗೆ ಟೈಫಾಯ್ಡ್ ಬಂತು, ಇಬ್ಬರು ತೀರಿಕೊಂಡರು. ಅಡುಗೆಮನೆಯಲ್ಲಿದ್ದ ಮೇರಿ ಬ್ರೌನ್ ಎಂಬಾಕೆ ಇವಳೇ. ಮೊದಲ ಸಲದ್ದನ್ನು ತಿಳಿಯದೆ ಆದದ್ದು ಎನ್ನಬಹುದು. ಎರಡನೆಯದನ್ನು ಹಾಗೆನ್ನಲು ನನಗೂ ಮನಸ್ಸು ಬರುವುದಿಲ್ಲ. ಅದೂ ಬಾಣಂತಿಯರಿರುವ ಜಾಗ.

ಮತ್ತೆ ಅದೇ ದ್ವೀಪ, ಈ ಬಾರಿ 23 ವರ್ಷ. ಕೊನೆಕೊನೆಗೆ ಅಲ್ಲಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಳು. 1932ರಲ್ಲಿ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಳು. 1938ರ ನವೆಂಬರ್ 11ರಂದು ಪ್ರಾಣ ಬಿಟ್ಟಳು. ಅಷ್ಟರಲ್ಲಿ ನ್ಯೂಯಾರ್ಕಿನಲ್ಲಿ ಅವಳಂತೆಯೇ ರೋಗಾಣು ಹೊತ್ತ ಆರೋಗ್ಯವಂತರು ನೂರಾರು ಮಂದಿ ಪತ್ತೆಯಾಗಿದ್ದರು. ಅವರಿಗೆ ಯಾರೂ ಅವಳಂತೆ ಬಾಳಿಡೀ ದ್ವೀಪವಾಸದ ಶಿಕ್ಷೆ ಕೊಡಲಿಲ್ಲ. ಟೈಫಾಯ್ಡ್‌ಗೆ ಆಂಟಿಬಯೋಟಿಕ್ ಔಷಧ ಬಂದದ್ದು 1948ರಲ್ಲಿ, ಅವಳು ಹೋದ ಹತ್ತು ವರ್ಷಕ್ಕೆ.